ತವರಿನಿಂದ ತಂದ ಕ್ರಿಕೆಟ್

ಗೆಳತಿಯರೇ, ತವರುಮನೆಯಿಂದ ಒಬ್ಬಳು ಹಿತ್ತಾಳೆ ಕೊಳಗ ತಂದರೆ, ಇನ್ನೊಬ್ಬಳು ಅಮ್ಮನ ಸಾರಿನಪುಡಿಯ ಹದ ತರುತ್ತಾಳೆ. ನಾನು ತಂದದ್ದು ಕರ್ನಾಟಕ ರಣಜಿ ತಂಡದ ಹುಚ್ಚು! ನಗಬೇಡಿ, ಪೂರ್ತಿ ಕೇಳಿ.

ನಮ್ಮಪ್ಪ 1974ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದರು. ಅಲ್ಲಿಯವರೆಗೆ ಬೊಂಬಾಯಿ ತಂಡ ಸತತವಾಗಿ 15 ವರ್ಷ ರಣಜಿ ಟ್ರೋಫಿ ಗೆದ್ದಿತ್ತು. ಆ ಸಲ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162 ರನ್ ಹೊಡೆದದ್ದು, ಪ್ರಸನ್ನ ಅವರು ಗವಾಸ್ಕರರನ್ನು ಬೌಲ್ಡ್ ಮಾಡಿದ್ದು, ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ನಮ್ಮವರು ಮೊದಲ ಸಲ ಟ್ರೋಫಿ ತಂದದ್ದು – ಇದನ್ನೆಲ್ಲ ಅಪ್ಪ ನನಗೆ ರಾಮಾಯಣದ ಹಾಗೆ ಹೇಳುತ್ತಿದ್ದರು. ನಾನು ಅದನ್ನೇ ಮಗನಿಗೆ ಕೈತುತ್ತು ಹಾಕುತ್ತಾ ಹೇಳಿದೆ. ಕತೆ ಕೇಳುತ್ತಾ ಎರಡು ತುತ್ತು ಜಾಸ್ತಿಯೇ ಉಣ್ಣುತ್ತಿದ್ದ ಅನ್ನಿ!

2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಫೈನಲ್. ಎದುರಾಳಿ ಮತ್ತೆ ಮುಂಬಯಿ. ನಾಲ್ಕನೆಯ ದಿನ ಸಂಕ್ರಾಂತಿ. "ಹಬ್ಬದ ದಿನ ಮೈದಾನಕ್ಕಾ?" ಅಂತ ನಮ್ಮ ಯಜಮಾನರು ಗೊಣಗಿದರು. ಬೆಳಗಿನ ಜಾವವೇ ಪೂಜೆ ಮುಗಿಸಿ, ಡಬ್ಬಿಗೆ ಚಿತ್ರಾನ್ನ, ಎಳ್ಳುಬೆಲ್ಲ ತುಂಬಿಕೊಂಡು, ಎಂಟು ವರ್ಷದ ಮಗನನ್ನೂ ಅಪ್ಪನನ್ನೂ ಕರೆದುಕೊಂಡು ಬಸ್ಸು ಹತ್ತಿಯೇಬಿಟ್ಟೆ.

ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದಾಗ ಮಗ ಅಜ್ಜನ ಹೆಗಲ ಮೇಲೆ ಕುಣಿದ. ಆಮೇಲೆ ಒಂದೊಂದೇ ವಿಕೆಟ್ ಬಿತ್ತು. ಕೊನೆಗೆ ಸೋತದ್ದು ಎಷ್ಟರಿಂದ ಗೊತ್ತೇ? ಬರೀ ಆರು ರನ್!

ಮಗ ಬಿಕ್ಕಿಬಿಕ್ಕಿ ಅತ್ತ. "ಅಮ್ಮ, ಸೋಲೋ ಟೀಮನ್ನ ನಂಗ್ಯಾಕೆ ಹೇಳಿಕೊಟ್ಟೆ?" ಅಂದ. ನನ್ನೆದೆ ಧಸಕ್ಕೆಂದಿತು. ಹೌದಲ್ಲ, ಏನೂ ಅರಿಯದ ಕೂಸಿಗೆ ಇಲ್ಲದ ದುಃಖವೊಂದನ್ನು ನಾನೇ ಅಂಟಿಸಿದೆನಲ್ಲ!

ಅಪ್ಪ ಸಮಾಧಾನ ಹೇಳಲಿಲ್ಲ. ಎಳ್ಳುಬೆಲ್ಲದ ಡಬ್ಬಿ ಬಿಚ್ಚಿ ಅವನ ಅಂಗೈಗೆ ಸುರಿದರು. "ತಿಂದು ಒಳ್ಳೆ ಮಾತಾಡು ಮರಿ. ಅವರೂ ಚೆನ್ನಾಗಿ ಆಡಿದ್ರು. ಚಪ್ಪಾಳೆ ತಟ್ಟು, ನಾಳೆ ಅಳೋಣ" ಅಂದರು. ಅವನು ಅಳುತ್ತಲೇ ಚಪ್ಪಾಳೆ ತಟ್ಟಿದ. ಪಕ್ಕಕ್ಕೆ ನೋಡಿದರೆ ಅಪ್ಪನ ಕಣ್ಣೂ ಒದ್ದೆ!

2012ರಲ್ಲಿ ಅಪ್ಪ ಹೋದರು. 2014ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಗೆದ್ದಿತು, 15 ವರ್ಷಗಳ ನಂತರ. ಮರುದಿನ ನಾನು ಒಲೆಯ ಮುಂದಿದ್ದೆ. ಮಗ ಪೇಪರು ತಂದು, ಯಾರೂ ಹೇಳದೆಯೇ, ತಾತನ ಫೋಟೋ ಮುಂದೆ ಇಟ್ಟ. ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಒಂದು ಮಾತು ಗೆಳತಿಯರೇ. ನನ್ನ ಮಗಳಿಗೂ ಇದೇ ಕತೆ ಹೇಳಿದ್ದೆ. ಅವಳು ಆಕಳಿಸಿದಳು. ಅವಳಿಗೆ ಹಾಡು ಇಷ್ಟ, ಹಾಡಲಿ ಬಿಡಿ. ನಮ್ಮ ಪ್ರೀತಿಯನ್ನು ಮಕ್ಕಳಿಗೆ ಬಡಿಸಬಹುದು, ಬಾಯಿಗೆ ತುರುಕಬಾರದು. ಬಡಿಸಿದ್ದನ್ನು ಉಂಡ ಮಗುವಿಗೆ ಸೋಲಿನ ಕಹಿಯನ್ನು ನುಂಗುವುದನ್ನೂ ಕಲಿಸಿ, ಅಷ್ಟೇ.

ಮಗ ಈಗ ಕೆಲಸದ ಮೇಲೆ ದೂರದ ಊರಲ್ಲಿದ್ದಾನೆ. ರಣಜಿ ಶುರುವಾದರೆ ಸಂಜೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳುವ ಮೊದಲೇ ಸ್ಕೋರು ಹೇಳುತ್ತಾನೆ. ನಿಮ್ಮ ತವರಿನಿಂದ ಏನು ತಂದಿರಿ? ಬರೆದು ತಿಳಿಸಿ.