ಎಪ್ಪತ್ತಮೂರು ಅಂಕದವನು ಚೆಂಡು ಬಿಟ್ಟುಕೊಟ್ಟ ಕಥೆ

1981ರ ಜನವರಿಯಲ್ಲಿ ಗ್ರೀಸ್ ದೇಶದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಒಂದು ವಿಚಿತ್ರ ಪಂದ್ಯ ನಡೆಯಿತು. ಒಂದು ಕಡೆ ಥೆಸಲೋನಿಕಿ ನಗರದ ಹೆಸರಾಂತ ಆರಿಸ್ ತಂಡ. ಇನ್ನೊಂದು ಕಡೆ ಪಿರೇಯಸ್ ಬಂದರಿನ ಪಕ್ಕದ ನಿಕೇಯ ಎಂಬ ಊರಿನ ಸಣ್ಣ ತಂಡ ಅಯೋನಿಕೊಸ್. ಆರಿಸ್ ಪರ ನಿಕೊಸ್ ಗಾಲಿಸ್ 62 ಅಂಕ ಗಳಿಸಿದ. ಆದರೂ ಅವನ ತಂಡ ಸೋತಿತು. ಎದುರಿಗಿದ್ದ 22 ವರ್ಷದ ಪನಾಯೋಟಿಸ್ ಯಾನಾಕಿಸ್ ಒಬ್ಬನೇ 73 ಅಂಕ ಹಾಕಿದ್ದ! ಕೊನೆಯ ಲೆಕ್ಕ 114–113. ದೂರದಿಂದ ಹಾಕಿದರೆ ಮೂರು ಅಂಕ ಎಂಬ ನಿಯಮ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ಗೆ ಬಂದದ್ದು 1984ರಲ್ಲಿ. ಹಾಗಾಗಿ ಆ 73ನ್ನು ಎರಡೆರಡು, ಒಂದೊಂದಾಗಿಯೇ ಕೂಡಿಸಬೇಕಾಯಿತು.

ಇಂಥ ಆಟಗಾರ ಮುಂದೆ ಏನಾಗಬೇಕಿತ್ತು? ಇನ್ನಷ್ಟು ಅಂಕ ಹಾಕಬೇಕಿತ್ತು. ಆತ ಮಾಡಿದ್ದು ಬೇರೆಯೇ. 1984ರಲ್ಲಿ ಯಾನಾಕಿಸ್ ಅದೇ ಆರಿಸ್ ತಂಡ ಸೇರಿದ. ಅದೇ ಗಾಲಿಸ್‌ನ ಪಕ್ಕದಲ್ಲಿ ನಿಂತ. ಗಾಲಿಸ್ ಅಮೆರಿಕದಲ್ಲಿ ಹುಟ್ಟಿದ ಗ್ರೀಕ್ ವಲಸಿಗರ ಮಗ, ಅಂಕ ಗಳಿಸುವುದರಲ್ಲಿ ರಾಕ್ಷಸ. ಇಬ್ಬರನ್ನೂ ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ತಂಡ ತನ್ನ ವಾರ್ಷಿಕ ಆಯ್ಕೆಯಲ್ಲಿ ಹೆಸರಿಸಿತ್ತು, ಗಾಲಿಸ್‌ನನ್ನು 1979ರಲ್ಲಿ, ಯಾನಾಕಿಸ್‌ನನ್ನು 1982ರಲ್ಲಿ. ಇಬ್ಬರೂ ಎನ್.ಬಿ.ಎ. ಪಂದ್ಯ ಆಡಲಿಲ್ಲ. 1989ರವರೆಗೆ ಎನ್.ಬಿ.ಎ. ಆಟಗಾರರಿಗೆ ದೇಶದ ಪರ ಆಡುವ ಅವಕಾಶವೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಒಂದೇ ಚೆಂಡು, ಇಬ್ಬರು ಹಸಿದವರು. ಒಬ್ಬ ಬಿಟ್ಟುಕೊಡಲೇಬೇಕು. ಬಿಟ್ಟುಕೊಟ್ಟವನು ಯಾನಾಕಿಸ್. ಎದುರಾಳಿಯನ್ನು ತಡೆಯುವ, ಚೆಂಡು ಒದಗಿಸುವ, ಆಟದ ಲಯ ನಿರ್ಧರಿಸುವ ಕೆಲಸವನ್ನು ತಾನು ಹೊತ್ತು, ಹೆಚ್ಚಿನ ಅಂಕಗಳನ್ನು ಗಾಲಿಸ್‌ಗೆ ಬಿಟ್ಟ. ಫಲವಾಗಿ ಆರಿಸ್ 1985ರಿಂದ 1991ರವರೆಗೆ ಸತತ ಏಳು ಬಾರಿ ಗ್ರೀಕ್ ಚಾಂಪಿಯನ್ ಆಯಿತು. ಯೂರೋಪಿನ ಚಾಂಪಿಯನ್ನರ ಕಪ್ಪು ಮಾತ್ರ ಕೈಗೆ ಬರಲಿಲ್ಲ. ಅದು ಯಾನಾಕಿಸ್‌ಗೆ ಸಿಕ್ಕಿದ್ದು 1996ರಲ್ಲಿ, 37ನೆಯ ವಯಸ್ಸಿನಲ್ಲಿ, ಪನಾಥಿನೈಕೊಸ್ ತಂಡದಲ್ಲಿ. ಬಾರ್ಸಿಲೋನಾ ವಿರುದ್ಧ 67–66.

ಇವೆಲ್ಲಕ್ಕಿಂತ ಗ್ರೀಕರು ನೆನೆಯುವುದು 1987ರ ಜೂನ್ 14ನ್ನು. ಪಿರೇಯಸ್‌ನಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್ ಫೈನಲ್, ಎದುರಾಳಿ ಸೋವಿಯತ್ ಒಕ್ಕೂಟ. ನಾಯಕ ಯಾನಾಕಿಸ್. ಗಾಲಿಸ್ 40 ಅಂಕ ಹಾಕಿದರೂ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ನಾಲ್ಕು ಸೆಕೆಂಡು ಉಳಿದಾಗ 101–101. ಆಗ ಎರಡು ಫ್ರೀ ಥ್ರೋ ಹಾಕಲು ನಿಂತವನು ಗಾಲಿಸ್ ಅಲ್ಲ, ಯಾನಾಕಿಸ್ ಅಲ್ಲ. ಬೆಂಚಿನಿಂದ ಎದ್ದುಬಂದ ಅರ್ಗಿರಿಸ್ ಕಂಬೂರಸ್.

ಇಲ್ಲಿ ಮೇಷ್ಟರ ಬುದ್ಧಿ ಸುಮ್ಮನಿರುವುದಿಲ್ಲ, ಓದುಗರು ಕ್ಷಮಿಸಬೇಕು. ಫ್ರೀ ಥ್ರೋ ಗೆರೆಯಿಂದ ಹಲಗೆಗೆ 4.6 ಮೀಟರ್. ಬಳೆ ನೆಲದಿಂದ 3.05 ಮೀಟರ್ ಎತ್ತರ, ಅದರ ವ್ಯಾಸ 45 ಸೆಂ.ಮೀ. ಚೆಂಡಿನ ವ್ಯಾಸ ಸುಮಾರು 24. ಅಷ್ಟು ಅಗಲದ ಬಾಯಿಗೆ ಇಷ್ಟು ಚಿಕ್ಕ ಚೆಂಡು, ಏನು ಮಹಾ ಎನಿಸಬಹುದು. ಆದರೆ ಆ 45 ಸೆಂ.ಮೀ. ಇರುವುದು ನೆಟ್ಟಗೆ ಮೇಲಿಂದ ಬೀಳುವ ಚೆಂಡಿಗೆ ಮಾತ್ರ. ಓರೆಯಾಗಿ ಬರುವ ಚೆಂಡಿಗೆ ಬಳೆ ದೀರ್ಘವೃತ್ತವಾಗಿ ಕಿರಿದಾಗುತ್ತದೆ. ನಲವತ್ತೈದು ಡಿಗ್ರಿಯಲ್ಲಿ ಇಳಿದರೆ ಬಾಯಿ 32 ಸೆಂ.ಮೀ. ಮಾತ್ರ, ಮೂವತ್ತೆರಡು ಡಿಗ್ರಿಗೆ ಇಳಿದರೆ ಚೆಂಡಿನಷ್ಟೇ. ಇನ್ನೂ ಚಪ್ಪಟೆಯಾಗಿ ಎಸೆದರೆ ಅಂಚಿಗೆ ತಗಲದೆ ಒಳಹೋಗುವ ದಾರಿಯೇ ಇಲ್ಲ. ಹೆದರಿದವನ ಕೈ ಸೆಟೆದು ಚೆಂಡು ಚಪ್ಪಟೆಯಾಗಿಯೇ ಹೋಗುತ್ತದೆ. ಕಂಬೂರಸ್ ಹೆದರಲಿಲ್ಲ. ಎರಡೂ ಒಳಗೆ ಬಿದ್ದವು. 103–101.

ಆ ರಾತ್ರಿ ಗ್ರೀಸಿನಲ್ಲಿ ಪಪಲೂಕಸ್ ಎಂಬ ಹತ್ತು ವರ್ಷದ ಹುಡುಗನಿದ್ದ, ದಿಯಮಾಂದಿದಿಸ್ ಎಂಬ ಏಳು ವರ್ಷದವನಿದ್ದ, ಸ್ಪನೂಲಿಸ್ ಎಂಬ ನಾಲ್ಕು ವರ್ಷದ ಪೋರನಿದ್ದ. ಇವರೇ ಮುಂದೆ ಯಾನಾಕಿಸ್‌ನ ಕೈಗೆ ಶಿಷ್ಯರಾಗಿ ಬಂದರು.

ಬಿ.ಎಸ್ಸಿ.ಯಲ್ಲಿ ರ್‍ಯಾಂಕ್ ಬಂದವರೆಲ್ಲ ಪಾಠ ಹೇಳಲಾರರು ಎಂಬುದು ನಮ್ಮ ಸ್ಟಾಫ್ ರೂಮಿನ ಹಳೆಯ ಮಾತು. ತನಗೆ ತಾನಾಗಿ ಬಂದದ್ದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಯಾನಾಕಿಸ್ ಬಚಾವಾದದ್ದು, ನನಗೆ ತೋರುವಂತೆ, ಆರಿಸ್‌ನ ಆ ಒಂಬತ್ತು ವರ್ಷಗಳಿಂದ. ಅಂಕ ಹಾಕದೆಯೂ ಪಂದ್ಯ ಗೆಲ್ಲಿಸುವುದು ಹೇಗೆಂದು ಆತ ಕಷ್ಟಪಟ್ಟು ಕಲಿತಿದ್ದ. ಕಷ್ಟಪಟ್ಟು ಕಲಿತದ್ದನ್ನು ಕಲಿಸಬಹುದು.

ರಾಷ್ಟ್ರೀಯ ತಂಡದ ತರಬೇತುದಾರನಾಗಿ 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯ ಸ್ಥಾನ ಕೊಡಿಸಿದ. ಎರಡನೆಯ ಸಲ ಆ ಹೊಣೆ ಬಂದದ್ದು 2004ರಲ್ಲಿ. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ ಫ್ರಾನ್ಸ್ ವಿರುದ್ಧದ ಸೆಮಿಫೈನಲ್ಲನ್ನು ಕೊನೆಯ ಗಳಿಗೆಯಲ್ಲಿ ದಿಯಮಾಂದಿದಿಸ್ ದೂರದಿಂದ ಹಾಕಿದ ಮೂರು ಅಂಕ 67–66ಕ್ಕೆ ತಿರುಗಿಸಿತು. ಫೈನಲ್ಲಿನಲ್ಲಿ ಜರ್ಮನಿ ಸೋತಿತು. ಹದಿನೆಂಟು ವರ್ಷದ ಹಿಂದೆ ನಾಯಕನಾಗಿ ಎತ್ತಿದ್ದ ಪ್ರಶಸ್ತಿ ಈಗ ಗುರುವಾಗಿ ಬಂತು.

ನಿಜವಾದ ಪರೀಕ್ಷೆ 2006ರ ಸೆಪ್ಟೆಂಬರ್ 1ರಂದು, ಜಪಾನಿನ ಸೈತಾಮದಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್. ಎದುರಿಗೆ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೊ ಆಂಥೊನಿ ಇದ್ದ ಅಮೆರಿಕ. ಗ್ರೀಕ್ ತಂಡದ ಹನ್ನೆರಡು ಜನರಲ್ಲಿ ಎನ್.ಬಿ.ಎ.ಯಲ್ಲಿ ಹೆಸರು ಮಾಡಿದವನು ಒಬ್ಬನೂ ಇಲ್ಲ. ಅವರು ಆಡಿದ್ದು ಬಹಳ ಹಳೆಯ ಯುಕ್ತಿ. ಬೆಟ್ಟದಂಥ ಮೈಕಟ್ಟಿನ ಶೋರ್ತ್ಸಾನಿತಿಸ್ ಬಂದು ಎದುರಾಳಿಯ ದಾರಿಗೆ ಗೋಡೆಯಾಗಿ ನಿಲ್ಲುತ್ತಾನೆ. ಚೆಂಡು ಹಿಡಿದ ಪಪಲೂಕಸ್ ಆ ಗೋಡೆಯನ್ನು ಸವರಿಕೊಂಡು ನುಗ್ಗುತ್ತಾನೆ. ಕಾಯುವ ಇಬ್ಬರೂ ಅವನ ಮೇಲೆ ಬಿದ್ದರೆ ಗೋಡೆಯೇ ತಿರುಗಿ ಬುಟ್ಟಿಯತ್ತ ಓಡುತ್ತದೆ, ಚೆಂಡು ಅದರ ಕೈಗೆ. ಗೋಡೆಯನ್ನು ಕಾದರೆ ಪಪಲೂಕಸ್‌ಗೆ ದಾರಿ. ಅಮೆರಿಕನ್ನರಿಗೆ ಇದಕ್ಕೆ ಉತ್ತರ ಸಿಗಲೇ ಇಲ್ಲ. ಪಪಲೂಕಸ್ ತಾನು ಹಾಕದೆ ಇತರರ ಕೈಗೆ ಒದಗಿಸಿ 12 ಬುಟ್ಟಿ ಹಾಕಿಸಿದ, ಸ್ಪನೂಲಿಸ್ 22 ಅಂಕ ಗಳಿಸಿದ. ಅಮೆರಿಕ 34 ಫ್ರೀ ಥ್ರೋಗಳಲ್ಲಿ 14ನ್ನು ಹಾಳುಮಾಡಿಕೊಂಡಿತು. 101–95. ಪಂದ್ಯದ ನಂತರ ಪತ್ರಕರ್ತರೊಂದಿಗೆ ಮಾತನಾಡುವಾಗ ಅಮೆರಿಕದ ತರಬೇತುದಾರ ಗ್ರೀಕರನ್ನು ಹೆಸರಿನಿಂದಲ್ಲ, ಅಂಗಿಯ ನಂಬರಿನಿಂದ ಗುರುತಿಸಿದ.

ಎರಡೇ ದಿನ ಕಳೆದು ಫೈನಲ್. ಅದೇ ಹನ್ನೆರಡು ಜನ, ಅದೇ ಗುರು. ಸ್ಪೇನ್ ತನ್ನ ಅತ್ಯುತ್ತಮ ಆಟಗಾರ ಪಾವ್ ಗಸೋಲ್ ಗಾಯಗೊಂಡು ಹೊರಗಿದ್ದರೂ 70–47ರಿಂದ ಗೆದ್ದಿತು. ಅಮೆರಿಕದ ಎದುರು ನೂರು ದಾಟಿದವರು ಐವತ್ತನ್ನೂ ಮುಟ್ಟಲಿಲ್ಲ! ಚೆಂಡು ಹಂಚಿ ಆಡುವುದು ಸ್ಪೇನಿಗೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಮುಂದಿನ ದಾರಿ ಏರಿಳಿತದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾ ಎದುರು 80–78ರ ಸೋಲು. 2013ರಲ್ಲಿ ಚೀನಾ ತಂಡದ ಹೊಣೆ ಹೊತ್ತು ಮನಿಲಾದ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಹೋದಾಗ, ಹಿಂದಿನ ಬಾರಿಯ ಚಾಂಪಿಯನ್ನರು ಕ್ವಾರ್ಟರ್ ಫೈನಲ್‌ನಲ್ಲೇ ಚೈನೀಸ್ ತೈಪೆಗೆ ಸೋತರು. ಭಾಷೆ ಬಾರದ ಊರಿನ ಶಾಲೆಗೆ ವರ್ಗವಾಗಿ ಹೋದ ಮೇಷ್ಟರ ಪಾಡು ಬಲ್ಲವರೇ ಬಲ್ಲರು.

ಗ್ರೀಸ್ 2009ರ ನಂತರ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಪದಕವನ್ನೇ ಕಂಡಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಫಿನ್ಲೆಂಡನ್ನು ಸೋಲಿಸಿ ಕಂಚು ಗೆದ್ದಿತು. ಆ ತಂಡದ ತರಬೇತುದಾರ, ಸೈತಾಮದಲ್ಲಿ 22 ಅಂಕ ಹಾಕಿದ ವಾಸಿಲಿಸ್ ಸ್ಪನೂಲಿಸ್.