ಒಂಟಿ ಸ್ವರಗಳಿಗೊಂದು ವೃಂದ ಬೇಕು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಧಾರವಾಡ, ಬೆಳಗಾವಿಗಳ ಕಡೆಯವರು ಹಿಂದುಸ್ತಾನಿಯನ್ನೂ, ಹಳೆಯ ಮೈಸೂರಿನವರು ಕರ್ನಾಟಕ ಸಂಗೀತವನ್ನೂ, ಕರಾವಳಿಯವರು ಭಜನೆಯೊಡನೆ ಚೆಂಡೆ-ಮದ್ದಳೆಗಳನ್ನೂ ತಮ್ಮೊಡನೆ ತಂದಿದ್ದಾರೆ. ವಾಶಿಯಲ್ಲಿ ಕೇಂದ್ರವನ್ನುಳ್ಳ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿಗೆ ಕುಳಿತು ಪ್ರಮಾಣಪತ್ರ ಪಡೆದ ಮಕ್ಕಳು ಅನೇಕರಿದ್ದಾರೆ. ಆದರೆ ಹತ್ತನೆಯ ತರಗತಿ ಬಂದೊಡನೆ ಹಾರ್ಮೋನಿಯಂ ಮಂಚದಡಿ ಸೇರುತ್ತದೆ. ಪಿಟೀಲಿನ ತಂತಿಗೆ ತುಕ್ಕು ಹಿಡಿಯುತ್ತದೆ.

ಇದಕ್ಕೆ ಶಾಲೆಯ ಪಾಠಗಳ ಹೊರೆಯೊಂದೇ ಕಾರಣವೆಂದು ನಾನು ಒಪ್ಪಲಾರೆ. ಮಗು ಒಂಟಿಯಾಗಿ ಕಲಿಯುತ್ತದೆ, ಒಂಟಿಯಾಗಿ ಪರೀಕ್ಷೆ ಕೊಡುತ್ತದೆ, ಒಂಟಿಯಾಗಿಯೇ ಬಿಟ್ಟುಬಿಡುತ್ತದೆ. ‘ಈ ವಾರ ಏಕೆ ಬರಲಿಲ್ಲ?’ ಎಂದು ಕೇಳುವ ಸಹವಾದಕ ಅದಕ್ಕಿಲ್ಲ.

ವಿಶ್ವವಿದ್ಯಾನಿಲಯಗಳ ಅನುಭವ ಇಲ್ಲಿ ನಮಗೆ ಮಾರ್ಗದರ್ಶಕವಾಗಬಲ್ಲುದು. ಅಮೆರಿಕೆಯ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಮ್ಯಾಂಟಲ್ ಹುಡ್ ಅವರು 1950ರ ದಶಕದಲ್ಲೇ ವಿದ್ಯಾರ್ಥಿಗಳನ್ನು ಜಾವಾದ ಗಮೆಲಾನ್ ವಾದ್ಯಗಳ ಮುಂದೆ ಒಟ್ಟಿಗೆ ಕುಳ್ಳಿರಿಸಿದರು. ಪರದೇಶದ ಸಂಗೀತವನ್ನು ಅರಿಯಬೇಕಾದರೆ ಅದನ್ನು ಕೂಡಿ ನುಡಿಸಬೇಕೆಂಬುದು ಅವರ ಸಿದ್ಧಾಂತ. ಇಂಥ ವಿದ್ಯಾರ್ಥಿವೃಂದಗಳು ಇಂದು ಅಲ್ಲಿನ ಎಷ್ಟೋ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮದ ಅಂಗಗಳಾಗಿವೆ. ನಮ್ಮಲ್ಲಿಯೂ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ಯುವಜನೋತ್ಸವಗಳಲ್ಲಿ ಸಮೂಹಗಾನ, ಜಾನಪದ ವಾದ್ಯವೃಂದಗಳಿಗೆ ಪ್ರತ್ಯೇಕ ಸ್ಪರ್ಧೆಗಳಿವೆ. ಆದರೆ ಸ್ಪರ್ಧೆಗೆಂದು ಕಟ್ಟಿದ ತಂಡ ಸ್ಪರ್ಧೆಯೊಡನೆ ಚದುರಿಹೋಗುವುದು ಸಹಜ. ನಮ್ಮ ಸಂಘಗಳ ರಾಜ್ಯೋತ್ಸವದ ಸಮೂಹಗೀತೆಯ ಗತಿಯೂ ಬಹುಮಟ್ಟಿಗೆ ಇದೇ.

‘ನಮ್ಮ ಸಂಗೀತ ಮನೋಧರ್ಮಪ್ರಧಾನ, ಗುರುಮುಖದಿಂದ ಒಬ್ಬೊಬ್ಬರಾಗಿ ಕಲಿಯತಕ್ಕದ್ದು, ವೃಂದದಲ್ಲಿ ಅದು ಯಾಂತ್ರಿಕವಾಗುತ್ತದೆ’ ಎಂದು ಹಿರಿಯರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಥ್ಯವಿದೆ, ಆಲಾಪನೆಯನ್ನು ಇಪ್ಪತ್ತು ಮಂದಿ ಕೂಡಿ ಮಾಡಲಾಗದು. ಆದರೆ ಕೂಡಿ ನುಡಿಸುವುದು ನಮಗೆ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯವೃಂದದ ಜೊತೆಗೆ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು. 1952ರಲ್ಲಿ ಆಕಾಶವಾಣಿಯು ದಿಲ್ಲಿಯಲ್ಲಿ ವಾದ್ಯವೃಂದವನ್ನು ಕಟ್ಟಿದಾಗ ರವಿಶಂಕರ್ ಹಾಗೂ ಟಿ. ಕೆ. ಜಯರಾಮ ಅಯ್ಯರ್ ಅವರು ಅದನ್ನು ನಡೆಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಂತೂ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವನ್ನು ಕಲಿಸಿದರು. ಆಶ್ರಮದ ನಾಟಕ ಸಂಘವು ಊರೂರು ತಿರುಗಿ ಪ್ರದರ್ಶನ ನೀಡಿತು. ಗುರುಕುಲದ ಏಕಾಂತ ಸಾಧನೆಯೂ ಮೇಳದ ಶಿಸ್ತೂ ಅಲ್ಲಿ ಒಂದಕ್ಕೊಂದು ಅಡ್ಡಬರಲಿಲ್ಲ.

ಆದುದರಿಂದ ನಮ್ಮ ಪ್ರತಿ ಊರಿನ ಸಂಘವೂ ಒಂದೊಂದು ಸ್ಥಾಯೀ ವಿದ್ಯಾರ್ಥಿವೃಂದವನ್ನು ಕಟ್ಟಬೇಕೆಂಬುದು ನನ್ನ ವಿನಮ್ರ ಸಲಹೆ. ಹತ್ತು-ಹದಿನೈದು ಮಕ್ಕಳು, ವಾರಕ್ಕೆ ಎರಡು ಗಂಟೆಯ ಅಭ್ಯಾಸ, ಯೋಗ್ಯ ಸಂಭಾವನೆ ಪಡೆಯುವ ಒಬ್ಬ ಶಿಕ್ಷಕರು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗೆ ಸ್ಥಳದ ಚಿಂತೆಯೂ ದೊಡ್ಡದಾಗಲಾರದು. ಕಲ್ಯಾಣದ ಮಗುವನ್ನು ಪ್ರತಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಕರೆದೊಯ್ಯೆಂದು ತಂದೆತಾಯಿಗಳಿಗೆ ಹೇಳುವುದು ನ್ಯಾಯವಲ್ಲ. ನಾಲ್ಕೂ ಊರುಗಳ ವೃಂದಗಳು ಮೂರು ತಿಂಗಳಿಗೊಮ್ಮೆ ಒಂದೆಡೆ ಸೇರಿದರೆ ಸಾಕು.

ಎರಡು ಪದ್ಧತಿಗಳ ಮಕ್ಕಳು ಕೂಡುವುದೆಂತು ಎಂಬ ಶಂಕೆಗೆ ನಮ್ಮ ರಾಗಗಳೇ ಉತ್ತರ ನೀಡುತ್ತವೆ. ಒಬ್ಬರ ಭೂಪ ಇನ್ನೊಬ್ಬರ ಮೋಹನ. ಒಬ್ಬರ ಮಾಲಕಂಸ ಇನ್ನೊಬ್ಬರ ಹಿಂದೋಳ. ಹಂಸಧ್ವನಿಗಂತೂ ಎರಡೂ ಕಡೆ ಒಂದೇ ಹೆಸರು. ಕೆಹರವಾದ ಎಂಟು ಮಾತ್ರೆಗಳೂ ಆದಿತಾಳದ ಎಂಟು ಅಕ್ಷರಗಳೂ ಜೊತೆಯಾಗಿ ಸಾಗಬಲ್ಲವು. ಗಮಕದಲ್ಲಿ, ನಡೆಯಲ್ಲಿ ಭೇದವಿರುವುದು ನಿಜ. ಆ ಭೇದವನ್ನು ಪಕ್ಕದಲ್ಲಿ ಕುಳಿತು ಆಲಿಸುವುದೇ ಒಂದು ಶಿಕ್ಷಣ. ಹದಿಮೂರು-ಹದಿನಾಲ್ಕರ ಹರೆಯದಲ್ಲಿ ಕಂಠ ಒಡೆದು ನಾಚಿ ಹಾಡು ಬಿಡುವ ಹುಡುಗನ ಕೈಗೆ ಕೆಲಕಾಲ ತಾಳವನ್ನೋ ಮದ್ದಳೆಯನ್ನೋ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಅನುಕೂಲವೂ ವೃಂದಕ್ಕುಂಟು.

ಕೊನೆಯದಾಗಿ ಭಾಷೆಯ ಮಾತು. ನಮ್ಮ ಮೂರನೆಯ ತಲೆಮಾರಿನ ಎಷ್ಟೋ ಮಕ್ಕಳು ಕನ್ನಡ ಗೀತೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ವಾರವಾರವೂ ಒಟ್ಟಿಗೆ ಹಾಡುವ ಮಗು ಪದವನ್ನು ಜೊತೆಗಾರನ ಬಾಯಿಂದ ಕೇಳಿ ಉಚ್ಚಾರ ತಿದ್ದಿಕೊಳ್ಳುತ್ತದೆ, ಅರ್ಥ ಕೇಳುತ್ತದೆ, ಒಂದು ದಿನ ಲಿಪಿಯನ್ನೂ ಕೇಳೀತು. ಸನ್ಮಾನದ ಶಾಲು-ಹಾರಗಳಿಗೆ ವ್ಯಯಿಸುವ ಹಣದಲ್ಲಿ ಒಂದು ಪಾಲನ್ನು ಸಂಘದ ಬಂಧುಗಳು ಈ ಕಾರ್ಯಕ್ಕೆ ಮೀಸಲಿಡಲಿ ಎಂಬುದೇ ನನ್ನ ಪ್ರಾರ್ಥನೆ.