ಚೀಟಿ ವಿಂಗಡಣೆಯೂ ದೂರವಾಣಿಯೂ

ಲಿಂಗಸುಗೂರಿನ ರೈತನೊಬ್ಬನ ತಂದೆ ತೀರಿಕೊಂಡರೆನ್ನಿ. ಹೊಲವು ಮಗನ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ ಈ ಮೂರೂ ಆಗಬೇಕು. ಅವನ ಪಾಲಿಗೆ ಇದು ಒಂದೇ ಕೆಲಸ. ಸರ್ಕಾರದ ಲೆಕ್ಕದಲ್ಲಾದರೋ ಜನನ-ಮರಣ ನೋಂದಣಿ ಬೇರೆ, ನಾಡಕಚೇರಿ ಬೇರೆ, 2000ನೆಯ ಇಸವಿಯಲ್ಲಿ ಆರಂಭವಾದ ‘ಭೂಮಿ’ ಬೇರೆ. ಜಾಲತಾಣವೂ ಇದೇ ಗೋಡೆಗಳನ್ನು ಕಟ್ಟಿಕೊಂಡರೆ ಅವನು ಎಲ್ಲಿ ಹುಡುಕಬೇಕು?

ಬಳಸುವವರ ಮನಸ್ಸಿನಲ್ಲಿರುವ ವರ್ಗೀಕರಣವನ್ನು ಅರಿಯಲು ಸರಳವಾದ ಪ್ರಯೋಗವೊಂದುಂಟು. ಒಂದೊಂದು ಸೇವೆಯ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು, ಹೊಂದುವವನ್ನು ಒಟ್ಟಿಗಿಟ್ಟು ಗುಂಪಿಗೆ ಹೆಸರು ಕೊಡಿರೆಂದು ಹೇಳುವುದು. 30 ಚೀಟಿಗಳಿದ್ದರೆ 435 ಜೋಡಿಗಳಾಗುತ್ತವೆ. ಪ್ರತಿಯೊಂದು ಜೋಡಿಯನ್ನು ಎಷ್ಟು ಮಂದಿ ಒಂದೇ ಗುಂಪಿನಲ್ಲಿಟ್ಟರೆಂದು ಎಣಿಸಿದರೆ ಜನರ ಕಲ್ಪನೆಯು ಕೋಷ್ಟಕವಾಗಿ ಮೂಡುತ್ತದೆ. ಇದಕ್ಕೆ 15 ಮಂದಿ ಸಾಕೆಂದು ಯಾಕೋಬ್ ನೀಲ್ಸನ್ 2004ರಲ್ಲಿ ಸಲಹೆಯಿತ್ತರು. ಆ 15 ಮಂದಿ ಯಾರೆಂಬುದು ಮಾತ್ರ ನಮ್ಮ ವಿವೇಚನೆಗೆ ಬಿಟ್ಟದ್ದು.

ಈಗ ಚೀಟಿಗಳು ಮೊಬೈಲಿನ ತೆರೆಗೆ ಬಂದಿವೆ. ಬೆಂಗಳೂರಿನಲ್ಲಿ ಕುಳಿತವರು ಮಸ್ಕಿ, ಸಿಂಧನೂರುಗಳ ಜನರಿಗೂ ಅವನ್ನು ಕಳುಹಿಸಬಹುದು. ಇದು ದೊಡ್ಡ ಲಾಭವೇ ಸರಿ. ಎದುರಿಗೆ ಅಧಿಕಾರಿಯಂಥವರು ಕುಳಿತಿದ್ದರೆ ನಮ್ಮ ಜನ ಚೀಟಿಯನ್ನು ನೋಡುವುದಕ್ಕಿಂತ ಅವರ ಮುಖವನ್ನು ನೋಡುವುದೇ ಹೆಚ್ಚು! ದೂರದ ಪ್ರಯೋಗದಲ್ಲಿ ಆ ಸಂಕೋಚವಿಲ್ಲ.

ಆದರೆ ಹೀಗೆ ಬರುವುದು ಅಂಕಿ ಮಾತ್ರ, ಕಾರಣವು ಬರುವುದಿಲ್ಲ. ಒಬ್ಬನು ‘ಪಹಣಿ’ಯನ್ನು ‘ಬೆಳೆ ವಿಮೆ’ಯ ಜೊತೆಗಿಟ್ಟನೆನ್ನಿ. ವಿಮೆಗೆ ಪಹಣಿ ಬೇಕೆಂದು ಬಲ್ಲವನಾಗಿ ಇಟ್ಟನೋ, ಬೇಸತ್ತು ಅತ್ತ ತಳ್ಳಿದನೋ? ಅಂಗೈಯಗಲದ ತೆರೆಯಲ್ಲಿ 30 ಚೀಟಿಗಳು ಒಮ್ಮೆಗೇ ಕಾಣಲಾರವು; ನೆಲದ ಮೇಲೆ ಹರಡಿದಂತಲ್ಲ ಅದು. ‘ಪೌತಿ’ ಎಂಬ ಶಬ್ದ ತಿಳಿಯದೆ ಕೈ ತಡೆದದ್ದೂ ಕೋಷ್ಟಕದಲ್ಲಿ ದಾಖಲಾಗದು. ಇನ್ನು ಓದುಬಾರದವರಂತೂ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಕಚೇರಿಗೆ ಹೆಚ್ಚು ಅಲೆಯುವವರು ಅವರೇ ಅಲ್ಲವೆ?

ಆದುದರಿಂದ ನನ್ನ ಅಭಿಪ್ರಾಯವಿದು: ಮೊದಲು ಅವರು ಒಬ್ಬರೇ ಕುಳಿತು ವಿಂಗಡಿಸಲಿ. ನೆನಪು ಮಾಸುವ ಮುನ್ನ, ಅದೇ ದಿನ, ದೂರವಾಣಿಯಲ್ಲಿ ಮಾತನಾಡಿಸಿ, ಇವೆರಡನ್ನು ಜೊತೆಗಿಟ್ಟದ್ದೇಕೆಂದು ಕೇಳಬೇಕು. ಒಬ್ಬರಿಗೆ ಕಾಲು ಗಂಟೆಯಂತೆ ಹಿಡಿದರೂ 15 ಮಂದಿಗೆ 4 ಗಂಟೆಯಾಗದು. ಖರ್ಚಿನ ನೆಪವನ್ನು ನಾನು ಒಪ್ಪಲಾರೆ. ಓದುಬಾರದವರಿಗೆ ಊರಿನವರೇ ಯಾರಾದರೂ ಕಾಗದದ ಚೀಟಿಗಳನ್ನು ಓದಿ ಹೇಳಲಿ. ಈ ಕೆಲಸವನ್ನು ನಮ್ಮ ತಾಲ್ಲೂಕಿನ ಕಾಲೇಜು ವಿದ್ಯಾರ್ಥಿಗಳು ಸೊಗಸಾಗಿ ನಿರ್ವಹಿಸಬಲ್ಲರು. ಅವರು ವಹಿಸಬೇಕಾದ ಎಚ್ಚರಿಕೆಯೊಂದೇ: ಚೀಟಿಯನ್ನು ಎಲ್ಲಿಡಬೇಕೆಂದು ಅಜ್ಜಿಗೆ ಹೇಳಿಕೊಡಬಾರದು.